ಅರ್ಧ ಇಳಿಸಿಕೊಂಡವರ ಪಾಡು

ಹೋದ ವರ್ಷ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹುಡುಗಿಯೊಬ್ಬಳು ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಮಿಸ್, ಶ್ರೀರಂಗಪಟ್ಟಣದ ಒಪ್ಪಂದ 1792 ಅಲ್ವಾ?" ಎಂದಳು. ಹೌದು, 1792. ಮದ್ರಾಸಿನದು 1769, ಸಾಲ್‌ಬಾಯಿಯದು 1782, ಮಂಗಳೂರಿನದು 1784. 'ಹೊಂದಿಸಿ ಬರೆಯಿರಿ' ಪ್ರಶ್ನೆಯಲ್ಲಿ ಅವಳು ಬರೆದ ನಾಲ್ಕೂ ಸರಿಯಾಗಿದ್ದವು. ನಾಲ್ಕಕ್ಕೂ ಕೆಂಪು ಗೆರೆ ಎಳೆದು ಸೊನ್ನೆ ಹಾಕಿತ್ತು. ತರಗತಿಯಲ್ಲಿ ಸರಿ ಬರೆದವರಿಗೆಲ್ಲ ಅದೇ ಗತಿ ಆಗಿತ್ತು.

ತಪ್ಪು ತಿದ್ದಿದವರದಲ್ಲ. ಅವರು ಉತ್ತರಸೂಚಿಯಲ್ಲಿದ್ದ ಅ, ಆ, ಇ, ಈ ನೋಡಿ ತಿದ್ದಿದ್ದರು. ಪ್ರಶ್ನೆಯಲ್ಲಿ ಇಸವಿಗಳ ಸಾಲನ್ನು ಅದಲುಬದಲು ಮಾಡಿದವಳು ನಾನು. ಮಾಡುವ ಮುಂಚೆ ಈ ಪ್ರಶ್ನೆ ಬೇರೆಲ್ಲಾದರೂ ಇದೆಯೇ ಎಂದು ನನ್ನ ಕಂಪ್ಯೂಟರಿನಲ್ಲಿ ಹುಡುಕಿಯೂ ಇದ್ದೆ. ಎಲ್ಲೂ ಇಲ್ಲ ಎಂದು ಅದು ಹೇಳಿತು. ಹಳೆಯ ಕಾಲದವಳು, ನಂಬಿದೆ.

ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಎಂಟು ಮಂದಿ ಶಿಕ್ಷಕಿಯರು ಪ್ರಶ್ನೆಪತ್ರಿಕೆ, ನಕ್ಷೆ, ಉತ್ತರಸೂಚಿಗಳನ್ನೆಲ್ಲ 'ಗಿಟ್' ಎಂಬ ವ್ಯವಸ್ಥೆಯಲ್ಲಿ ಇಟ್ಟುಕೊಂಡಿದ್ದೇವೆ. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ, ಅವಳೇ ಹಾಕಿಕೊಟ್ಟದ್ದು. ಲಿನಸ್ ಟೊರ್ವಾಲ್ಡ್ಸ್ ಎಂಬಾತ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಇದನ್ನು ಬರೆದ. ಯಾರು, ಯಾವಾಗ, ಏನು ತಿದ್ದಿದರು ಎಂಬುದಷ್ಟೂ ಅದರಲ್ಲಿ ಉಳಿಯುತ್ತದೆ. ನಿನ್ನೆಯ ಪ್ರತಿ ಬೇಕೆಂದರೆ ನಿನ್ನೆಯದು, ಮೂರು ವರ್ಷದ ಹಿಂದಿನದು ಬೇಕೆಂದರೆ ಅದೂ ಸಿಗುತ್ತದೆ. ಒಬ್ಬರು ಇನ್ನೊಬ್ಬರ ಪತ್ರಿಕೆಯನ್ನು ಅಳಿಸಿ "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ" ಎನ್ನುವ ಕಾಲ ನಮ್ಮಲ್ಲಿ ಮುಗಿಯಿತು. ಅಷ್ಟರ ಮಟ್ಟಿಗೆ ಗಿಟ್‌ಗೆ ನಾನು ಋಣಿ.

ಆದರೆ ಅದರ ಹುಟ್ಟುಗುಣವೊಂದಿದೆ: ಕೊಟ್ಟರೆ ಎಲ್ಲವನ್ನೂ ಕೊಡುತ್ತದೆ. ಅದಕ್ಕೂ ಹಿಂದಿನ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಒಂದೇ ಫೋಲ್ಡರು ಕೇಳಿ ಪಡೆಯಬಹುದಿತ್ತು. 2008ರಲ್ಲಿ ಬಂದ ಸಬ್‌ವರ್ಷನ್ 1.5ರಲ್ಲಂತೂ ಫೋಲ್ಡರಿನ ಒಳಗೆ ಎಷ್ಟು ಆಳದವರೆಗೆ ಬೇಕು ಎಂದೂ ಹೇಳಬಹುದಿತ್ತು. ಗಿಟ್ ಇಡೀ ಮನೆಯನ್ನೇ ಒಂದು ಘಟಕವೆಂದು ಲೆಕ್ಕ ಹಾಕುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಂಟು ಮಂದಿಯ ಐದು ವರ್ಷದ ಸ್ಕ್ಯಾನ್ ಮಾಡಿದ ಹಾಳೆಗಳಿಗೆ ಜಾಗವಿಲ್ಲ.

"ದೊಡ್ಡಮ್ಮ, ನಿಮಗೆ ಬೇಕಾದ ಫೋಲ್ಡರು ಮಾತ್ರ ಇಳಿಸಿಕೊಳ್ಳಿ. ಸ್ಪಾರ್ಸ್ ಚೆಕ್‌ಔಟ್ ಅಂತ ಇದೆ" ಎಂದಳು ತಂಗಿಯ ಮಗಳು. ಹಾಗೆ ನನ್ನ ವಿಷಯದ ಪ್ರಶ್ನೆಪತ್ರಿಕೆಗಳು ಮಾತ್ರ ನನ್ನ ಕಣ್ಣೆದುರು ಉಳಿದವು. ಉತ್ತರಸೂಚಿಗಳೆಲ್ಲ ಬೇರೆ ಫೋಲ್ಡರಿನಲ್ಲಿದ್ದವು. ಭಾರದವು, ಬೇಡವೆಂದು ಬಿಟ್ಟೆವು.

ಇದು ನಡೆಯುವ ಬಗೆ ಮನೆ ನಡೆಸುವವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಅಟ್ಟದ ಮೇಲೆ ಹಬ್ಬದ ಪಾತ್ರೆಗಳಿರುತ್ತವೆ. ಕೆಳಗೆ ದಿನಬಳಕೆಯವು ನಾಲ್ಕು. ಎಲ್ಲಾ ಪಾತ್ರೆಗಳ ಪಟ್ಟಿ ಮಾತ್ರ ಒಂದು ಪುಸ್ತಕದಲ್ಲಿರುತ್ತದೆ. ಗಿಟ್ ಕೂಡ ಅಂಥ ಪಟ್ಟಿ ಇಡುತ್ತದೆ, ಅದಕ್ಕೆ ಇಂಡೆಕ್ಸ್ ಎನ್ನುತ್ತಾರೆ. ಕೆಳಗಿಳಿಸದ ಫೈಲಿನ ಎದುರು 'ಇದನ್ನು ಕೆಳಗೆ ಹುಡುಕಬೇಡ' ಎಂದು ಒಂದು ಗುರುತು ಹಾಕಿರುತ್ತದೆ. ಹಾಗಾಗಿ ನಾನು ನನ್ನ ತಿದ್ದುಪಡಿ ದಾಖಲಿಸಿದಾಗ ಉಳಿದವರ ಫೈಲುಗಳು ಕಳೆದುಹೋದವೆಂದು ಅದು ತಿಳಿಯುವುದಿಲ್ಲ. ಅಟ್ಟದ್ದು ಅಟ್ಟದಲ್ಲೇ ಕ್ಷೇಮವಾಗಿರುತ್ತದೆ. ಜಾಣ ಏರ್ಪಾಡು, ಒಪ್ಪುತ್ತೇನೆ.

ಒಂದು ವಿಷಯ ಮಾತ್ರ ಮೊದಲೇ ಯಾರೂ ಹೇಳಲಿಲ್ಲ: ಇಷ್ಟರಿಂದ ಜಾಗ ಅಂದುಕೊಂಡಷ್ಟು ಉಳಿಯುವುದಿಲ್ಲ. ಕಣ್ಣೆದುರಿಗೆ ಬಿಚ್ಚಿಟ್ಟ ಫೈಲುಗಳು ಕಡಿಮೆಯಾಗುತ್ತವೆ, ಆದರೆ ಹಳೆಯ ಚರಿತ್ರೆಯ ಗಂಟು ಪೂರ್ತಿ ಒಳಗೆ ಬಂದು ಕೂತಿರುತ್ತದೆ. ಅದನ್ನೂ ತಡೆಯಬೇಕೆಂದರೆ ಮೊದಲ ಸಲ ತರಿಸಿಕೊಳ್ಳುವಾಗಲೇ 'ಪಾರ್ಶಿಯಲ್ ಕ್ಲೋನ್' ಎಂದು ಬೇರೆ ಕೇಳಬೇಕು. ಎರಡೂ ಬೇರೆ ಬೇರೆ, ಹೆಸರುಗಳು ಮಾತ್ರ ಅವಳಿಜವಳಿ. ಇಂಥ ಹೆಸರಿಡುವವರನ್ನು ಒಂದು ವಾರ ಒಂದನೆಯ ತರಗತಿಗೆ ಪಾಠ ಮಾಡಲು ಕಳಿಸಬೇಕು.

ಇರಲಿ. ನನ್ನ ಜಗಳ ಅಲ್ಲಿಲ್ಲ. 'ಇಲ್ಲ' ಎಂಬ ಮಾತಿಗೆ ಎರಡು ಅರ್ಥವಿದೆ. ಎಲ್ಲೂ ಇಲ್ಲ ಎಂಬುದು ಒಂದು. ನಿನ್ನ ಮುಂದೆ ಇಟ್ಟಿಲ್ಲ ಎಂಬುದು ಇನ್ನೊಂದು. ಅಂಗಡಿಯವನು ಕೂಡ "ಖಾಲಿಯಾಗಿದೆ" ಎಂದೂ "ಗೋಡೌನಿನಲ್ಲಿದೆ, ನಾಳೆ ಬನ್ನಿ" ಎಂದೂ ಬೇರೆ ಬೇರೆಯಾಗಿ ಹೇಳುತ್ತಾನೆ. ನಾನು ಒಪ್ಪಂದದ ಹೆಸರು ಹಾಕಿ ಫೋಲ್ಡರಿನಲ್ಲಿ ಹುಡುಕಿದಾಗ ಕಂಪ್ಯೂಟರು ಎರಡನ್ನೂ ಒಂದೇ ಮಾಡಿ ಸುಮ್ಮನಾಯಿತು. ಎದುರಿಗಿಲ್ಲದ ಫೈಲುಗಳ ಪಟ್ಟಿ ಗಿಟ್ ಬಳಿ ಪೂರ್ತಿಯಾಗಿ ಇತ್ತು. ಇದ್ದೂ ಹೇಳಲಿಲ್ಲ.

ಇದನ್ನು ತಂಗಿಯ ಮಗಳ ಸ್ನೇಹಿತರ ಮುಂದೆ ಹೇಳಿದೆ. ಬಂದ ಉತ್ತರಗಳನ್ನು ಕೇಳಿ.

"ಡಿಸ್ಕ್ ಈಗ ಅಗ್ಗ, ಪೂರ್ತಿ ಇಳಿಸಿಕೊಳ್ಳಿ ಮೇಡಂ." ಸಂಬಳ ಬಂದ ದಿನ ಯಾರಿಗೆ ಏನು ಅಗ್ಗ ಎಂಬ ವಾದ ಬೇಡ. 2017ರಲ್ಲಿ ಮೈಕ್ರೋಸಾಫ್ಟ್‌ನವರು ವಿಂಡೋಸ್ ಬರೆಯುವ ಕೆಲಸವನ್ನು ಗಿಟ್‌ಗೆ ತಂದಾಗ ಅವರ ಬಳಿ ಸುಮಾರು 35 ಲಕ್ಷ ಫೈಲು, 300 ಗಿಗಾಬೈಟ್‌ನಷ್ಟು ಸರಂಜಾಮು ಇತ್ತು. ಅಷ್ಟು ದೊಡ್ಡ ಕಂಪನಿಗೇ ಪೂರ್ತಿ ಇಳಿಸಿಕೊಳ್ಳಲು ಆಗಲಿಲ್ಲ. ಅವರು ಕಂಡುಕೊಂಡ ಉಪಾಯ ಬೇರೆ: ಎಲ್ಲ ಫೈಲೂ ಇರುವಂತೆ ತೋರಿಸುವುದು, ಯಾರಾದರೂ ತೆರೆದಾಗ ಮಾತ್ರ ನಿಜವಾಗಿ ತರಿಸುವುದು. ಅದರಲ್ಲೂ ತೊಡಕಿದೆ; ಎಲ್ಲವನ್ನೂ ಹುಡುಕಲು ಹೊರಟರೆ ಎಲ್ಲವೂ ಇಳಿದು ಬರುತ್ತದೆ. ಆಮೇಲೆ ಅವರೂ ಬೇಕಾದ ಫೋಲ್ಡರು ಆರಿಸಿಕೊಳ್ಳುವ ದಾರಿಗೇ ಹೊರಳಿದರು. ದೊಡ್ಡವರಿಗೆ ಬೇಕಾದ್ದು ಅನುಕೂಲ, ನನಗೆ ಬೇಕಾದ್ದು ಮಾತ್ರ ಜಿಪುಣತನವೇ?

"ಹಾಗಾದರೆ ಉತ್ತರಸೂಚಿಗಳನ್ನೇ ಬೇರೆ ಭಂಡಾರ ಮಾಡಿ" ಎಂದರು ಇನ್ನೊಬ್ಬರು. ಪ್ರಶ್ನೆಯೂ ಉತ್ತರವೂ ಒಂದೇ ಸಲಕ್ಕೆ, ಒಂದೇ ದಾಖಲೆಯಲ್ಲಿ ಬದಲಾಗಬೇಕು ಎಂತಲೇ ಒಟ್ಟಿಗೆ ಇಟ್ಟದ್ದು. ಮನೆ ಪಾಲು ಮಾಡಿದರೆ ಜಗಳ ನಿಲ್ಲುತ್ತದೆ ಎನ್ನುವವರ ಮಾತಿನ ಹಾಗಾಯಿತು ಇದು. ಎರಡು ಭಂಡಾರವಾದ ಮೇಲೆ ಒಂದರಲ್ಲಿ ಆದದ್ದು ಇನ್ನೊಂದಕ್ಕೆ ತಿಳಿಯುವ ದಾರಿಯೇ ಇರುವುದಿಲ್ಲ.

ಮೂರನೆಯವರ ಮಾತು ನನ್ನನ್ನು ನಿಜವಾಗಿ ಕೆರಳಿಸಿತು. "ನೀವೇ ಆರಿಸಿಕೊಂಡದ್ದು ಅರ್ಧ. ಅದು ನಿಮಗೆ ನೆನಪಿರಬೇಕಿತ್ತು." ಹೌದು, ಆರಿಸಿಕೊಂಡೆ, ಎಂಟು ತಿಂಗಳ ಹಿಂದೆ. ಮನುಷ್ಯರು ಮರೆಯುತ್ತಾರೆ ಎಂತಲೇ ಅಲ್ಲವೇ ಇಂಥ ವ್ಯವಸ್ಥೆಗಳನ್ನು ಕಟ್ಟಿದ್ದು? ಯಾರು ಯಾವಾಗ ಏನು ತಿದ್ದಿದರೆಂದು ಅದೇ ನೆನಪಿಡಬೇಕು, ತಾನು ಏನನ್ನು ಮರೆಮಾಡಿದೆ ಎಂಬುದನ್ನು ಮಾತ್ರ ನಾನು ನೆನಪಿಡಬೇಕು ಎಂದರೆ ಅದು ಯಾವ ನ್ಯಾಯ?

ಇದನ್ನು ಕಟ್ಟಿದವರಿಗೆ ತೊಂದರೆ ಗೊತ್ತಿಲ್ಲವೆಂದು ನಾನು ಹೇಳುವುದಿಲ್ಲ. 2010ರಲ್ಲಿ ಗಿಟ್ 1.7ರೊಂದಿಗೆ ಈ ಸೌಲಭ್ಯ ಬಂದಾಗ ಒಳಗೆಲ್ಲೋ ಅಡಗಿದ ಫೈಲಿನಲ್ಲಿ ಕೈಯಾರೆ ಸೂತ್ರಗಳನ್ನು ಬರೆಯಬೇಕಿತ್ತು. ಒಂದು ಆಶ್ಚರ್ಯಸೂಚಕ ಚಿಹ್ನೆ ಹೆಚ್ಚು ಕಡಿಮೆಯಾದರೆ ಬೇಕಾದ್ದು ಹೋಗಿ ಬೇಡದ್ದು ಬರುತ್ತಿತ್ತು. ಇದಕ್ಕೆಂದೇ ಒಂದು ಆಜ್ಞೆ ಬರಲು 2020 ಆಗಬೇಕಾಯಿತು. ಫೋಲ್ಡರಿನ ಹೆಸರು ಹೇಳಿದರೆ ಸಾಕು, ಅದರೊಳಗಿನದೆಲ್ಲ ಬರುತ್ತದೆ ಎಂಬ ಸರಳ ರೀತಿಯೇ ವಾಡಿಕೆಯಾದದ್ದು 2022ರಲ್ಲಿ, 2.37ರಲ್ಲಿ. ಅದಕ್ಕೆ 'ಕೋನ್' ಎಂದು ಹೆಸರು. ಈಗ ಸ್ಥಿತಿ ಕೇಳಿದರೆ ನೂರಕ್ಕೆ ಇಷ್ಟು ಫೈಲು ಮಾತ್ರ ನಿಮ್ಮ ಮುಂದಿದೆ ಎಂದು ಹೇಳುವುದೂ ಉಂಟು. ಆರಿಸಿಕೊಂಡ ಭಾಗದ ಹೊರಗೆ ಏನಾದರೂ ಸೇರಿಸಲು ಹೋದರೆ ತಡೆದು ನಿಲ್ಲಿಸಿ ಕಾರಣವನ್ನೂ ಹೇಳುತ್ತದೆ. ಒಳ್ಳೆಯ ಹೆಜ್ಜೆಗಳೇ. ಆದರೂ ಕೈಪಿಡಿಯಲ್ಲಿ ಈ ಆಜ್ಞೆ ಇನ್ನೂ ಪ್ರಯೋಗದ ಹಂತದ್ದು, ಮುಂದೆ ಬದಲಾಗಬಹುದು ಎಂದು ಅವರೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಆದರೆ ನೂರಕ್ಕೆ ಇಷ್ಟು ಎಂಬ ಅಂಕಿಯಿಂದ ನನಗೇನಾಗಬೇಕು? ನೂರಕ್ಕೆ ಮೂವತ್ತು ಅಂಕ ಬಂದ ಹುಡುಗನಿಗೆ ಯಾವ ಪಾಠ ಬರುವುದಿಲ್ಲ ಎಂಬುದು ಆ ಅಂಕದಿಂದ ತಿಳಿಯುತ್ತದೆಯೇ? ನನಗೆ ಬೇಕಿದ್ದದ್ದು ಒಂದು ಸಾಲು: ನಿಮ್ಮ ಭಾಗದಲ್ಲಿ ಸಿಗಲಿಲ್ಲ, ಹೊರಗಿನ ಇಂಥ ಫೋಲ್ಡರುಗಳನ್ನು ನಾನು ನೋಡಿಲ್ಲ.

ಇನ್ನೊಂದು ಬೇಡಿಕೆಯೂ ಇದೆ. ಯಾವ ಫೋಲ್ಡರಿಗೆ ಯಾವುದು ಜೊತೆ ಎಂಬುದು ಬಳಸುವ ನನಗಿಂತ ಜೋಡಿಸಿಟ್ಟವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪ್ರಶ್ನೆಪತ್ರಿಕೆ ಕೇಳಿದವರಿಗೆ ಅದರ ಉತ್ತರಸೂಚಿಯೂ ತಾನಾಗಿ ಬರಬೇಕು ಎಂದು ಭಂಡಾರದೊಳಗೇ ಬರೆದಿಟ್ಟು, ಎಲ್ಲರಿಗೂ ಅನ್ವಯಿಸುವಂತಿರಬೇಕು. ಮರ್ಕ್ಯುರಿಯಲ್ ಎಂಬ ಇನ್ನೊಂದು ವ್ಯವಸ್ಥೆಯ ಸ್ಪಾರ್ಸ್ ವಿಸ್ತರಣೆಯಲ್ಲಿ ಇಂಥ ಪಟ್ಟಿಯನ್ನು ಭಂಡಾರದಲ್ಲೇ ಇಡುವ ರೂಢಿ ಇದೆ, 'ಪ್ರೊಫೈಲ್' ಎನ್ನುತ್ತಾರೆ. ಹಾಗಿರುವಾಗ ಆಗದ ಮಾತೇನೂ ಅಲ್ಲ. ನಾನು ಬಳಸುವ ಗಿಟ್‌ನಲ್ಲಿ ಆ ಆಯ್ಕೆ ನನ್ನ ಕಂಪ್ಯೂಟರಿನೊಳಗೇ ಉಳಿಯುತ್ತದೆ. ಎಂಟು ಮಂದಿಯೂ ಎಂಟು ಸಲ ಬೇರೆ ಬೇರೆ ತಪ್ಪು ಮಾಡಬಹುದು.

ನಾಲ್ಕು ಅಂಕ ಎಂದರೆ ಏನು ಮಹಾ ಎಂದು ಕೇಳಿದವರೂ ಇದ್ದಾರೆ. ಆ ಹುಡುಗಿ ಬಾಗಿಲಿಗೆ ಬಂದಳು, ಸರಿ. ಉಳಿದ ಮಕ್ಕಳು ಬರಲಿಲ್ಲ. ಉತ್ತರಪತ್ರಿಕೆಗಳನ್ನು ವಾಪಸು ತರಿಸಿ ಒಂದೊಂದೇ ತಿದ್ದುವಾಗ ಕಂಡೆ, ಒಬ್ಬಳು ಕೆಂಪು ಗೆರೆಯ ಪಕ್ಕದಲ್ಲಿ ತಾನು ಬರೆದಿದ್ದ ಸರಿ ಉತ್ತರವನ್ನು ಹೊಡೆದುಹಾಕಿ, ಪೆನ್ಸಿಲ್ಲಿನಲ್ಲಿ ತಪ್ಪು ಇಸವಿ ಬರೆದುಕೊಂಡಿದ್ದಳು. ಟೀಚರು ಹೇಳಿದ್ದೇ ಸರಿಯಿರಬೇಕು ಎಂದುಕೊಂಡಿದ್ದಳು.

ತಂಗಿಯ ಮಗಳು ಆಮೇಲೆ ಒಂದು ಚಿಕ್ಕ ಕಟ್ಟಳೆ ಬರೆದುಕೊಟ್ಟಳು. ಈಗ ಪ್ರಶ್ನೆಪತ್ರಿಕೆಯ ಜೊತೆಗೆ ಅದರ ಉತ್ತರಸೂಚಿ ಇಳಿದು ಬರುತ್ತದೆ, ಸ್ಕ್ಯಾನ್ ಮಾಡಿದ ಭಾರದ ಹಾಳೆಗಳು ಬರುವುದಿಲ್ಲ. ಫೋಲ್ಡರಿನಲ್ಲಿ ಹುಡುಕಿದಾಗ ಕಂಪ್ಯೂಟರು ಮಾತ್ರ ಈಗಲೂ ಬರೀ 'ಇಲ್ಲ' ಎನ್ನುತ್ತದೆ. ಆಗೆಲ್ಲ ನಾನು ಸಹೋದ್ಯೋಗಿಗೆ ಫೋನು ಮಾಡಿ, "ನಿಮ್ಮದರಲ್ಲಿ ಒಮ್ಮೆ ನೋಡ್ರೀ" ಎನ್ನುತ್ತೇನೆ.