ದೊಡ್ಡವರ ಡಯಾಪರ್: ‘ಯಾರಿಗೆ?’ ಅನ್ನೋ ಪ್ರಶ್ನೆ ಯಾಕೆ ಸ್ವಾಮಿ?

ಕೊಳ್ಳೇಗಾಲದ ಔಷಧಿ ಅಂಗಡಿಗಳಲ್ಲಿ ಕೆಮ್ಮಿನ ಸಿರಪ್ಪನ್ನು ಜೋರಾಗಿ ಕೇಳುತ್ತಾರೆ. ಸಕ್ಕರೆ ಕಾಯಿಲೆ ಮಾತ್ರೆಯನ್ನೂ ಜೋರಾಗಿಯೇ ಕೇಳುತ್ತಾರೆ. ಗ್ಯಾಸಿನ ಮಾತ್ರೆಯನ್ನಂತೂ ಬಸ್ ಸ್ಟ್ಯಾಂಡಿಗೇ ಕೇಳಿಸುವ ಹಾಗೆ ಕೇಳುತ್ತಾರೆ. ಪಿಸುಮಾತಿನಲ್ಲಿ ಬಿಕರಿಯಾಗುವ ಸರಕು ಒಂದುಂಟು. “ಅಣ್ಣಾ, ದೊಡ್ಡೋರು ಹಾಕೊಳದು ಐತಲ್ಲ, ಅದ್ ಕೊಡಿ.” ಅಂಗಡಿಯವರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಳ್ಳಮಾಲು ದಾಟಿಸಿದ ಹಾಗೆ ದಾಟಿಸುತ್ತಾರೆ. ದಾಟಿಸುವ ಮುಂಚೆ ಒಂದು ಪ್ರಶ್ನೆ ಮಾತ್ರ ಬಿಡುವುದಿಲ್ಲ: “ಯಾರ್ಗೆ?”

ಈ ‘ಯಾರ್ಗೆ’ ಅನ್ನೋದೇ ಇವತ್ತಿನ ನಮ್ಮ ವಿಷಯ.

ಟೀ ಅಂಗಡಿಗಳಲ್ಲಿ ಇದೊಂದು ತಮಾಷೆಯ ಮಾತಾಗಿದೆ. ಕಾಯಿಲೆ ಕಸಾಲೆ ಏನೂ ಇಲ್ಲದೆ, ಬರೀ ಇಷ್ಟಕ್ಕೆ ಡಯಾಪರ್ ಹಾಕಿಕೊಳ್ಳುವ ದೊಡ್ಡವರೂ ಫಾರಿನ್ನಿನಲ್ಲಿ ಇದ್ದಾರಂತೆ, ಹೌದಾ? ಹಾಗಾದರೆ ಈ ದೊಡ್ಡ ಕಂಪನಿಗಳು ಅವರಿಗೂ ಸೇರಿಸಿಯೇ ಮಾಲು ತಯಾರು ಮಾಡುತ್ತವಾ? ಪ್ರಶ್ನೆ ಕೇಳುವವರು ನಗುತ್ತಾ ಕೇಳುತ್ತಾರೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಉತ್ತರ ಹೇಳೋಣ.

ಇದ್ದಾರೆ, ಆದರೆ ಹೆಸರು ಹೇಳುವುದಿಲ್ಲ

ಹೌದು, ಅಂಥವರು ಇದ್ದಾರೆ. ಇಂಗ್ಲಿಷಿನಲ್ಲಿ ‘ಅಡಲ್ಟ್ ಬೇಬಿ, ಡಯಾಪರ್ ಲವರ್’ ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಚಿಕ್ಕದಾಗಿ ಎ.ಬಿ.ಡಿ.ಎಲ್. ಬೆಳೆದ ಗಂಡಸರು, ಹೆಂಗಸರು. ಕೆಲವರಿಗೆ ಮಗುವಿನ ಹಾಗೆ ಇದ್ದರೆ ಮನಸ್ಸಿಗೆ ನೆಮ್ಮದಿ, ಕೆಲವರಿಗೆ ಅದೊಂದು ಖಾಸಗಿ ಆಸೆ. ಇದಕ್ಕೂ ನಿಜವಾದ ಮಕ್ಕಳಿಗೂ ಸಂಬಂಧವಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಒಂದು ಗೆರೆ ಎಳೆದಿದೆ: ಯಾರದೋ ಆಸೆ ವಿಚಿತ್ರವಾಗಿದೆ ಎಂಬ ಮಾತ್ರಕ್ಕೆ ಅದು ಕಾಯಿಲೆಯಲ್ಲ, ಅವರಿಗೇ ಅದರಿಂದ ಸಂಕಟವಾದರೆ, ಇಲ್ಲವೇ ಇನ್ನೊಬ್ಬರಿಗೆ ಹಾನಿಯಾದರೆ ಮಾತ್ರ ಕಾಯಿಲೆ. ಅಲ್ಲಿಗೆ ವೈದ್ಯರ ಮಾತು ಮುಗಿಯಿತು.

ಇನ್ನು ಕಂಪನಿಗಳ ಮಾತು. ದೊಡ್ಡ ಕಂಪನಿಗಳ ಜಾಹೀರಾತಿನಲ್ಲಿ ಇವರ ಸುದ್ದಿಯೇ ಇಲ್ಲ. ಅಲ್ಲಿ ಕಾಣುವುದು ನಗುವ ತಾತ, ವಾಕಿಂಗ್ ಹೋಗುವ ಅಜ್ಜಿ, ಬಿಳಿ ಬಟ್ಟೆಯ ನರ್ಸಮ್ಮ. ಅಮೆರಿಕದ ಕಿಂಬರ್ಲಿ ಕ್ಲಾರ್ಕ್ ಕಂಪನಿ 1980ರ ದಶಕದಲ್ಲಿ ತನ್ನ ‘ಡಿಪೆಂಡ್’ ಮಾಲಿಗೆ ಹಳೇ ಸಿನಿಮಾ ತಾರೆ ಜೂನ್ ಆಲಿಸನ್ ಅವರನ್ನು ಟಿ.ವಿ.ಗೆ ತಂದಿತು. ಬಾಯಿ ಬಿಟ್ಟು ಹೇಳದಿದ್ದ ಮಾತನ್ನು ಆಕೆ ಮನೆ ಮನೆಯ ಹಜಾರದಲ್ಲಿ ಹೇಳಿದರು. ಅದು ಒಳ್ಳೆಯ ಕೆಲಸ, ಮೆಚ್ಚಬೇಕಾದ್ದೇ.

ಅದೇ ಕಂಪನಿ 2012ರಲ್ಲಿ ಏನು ಮಾಡಿತು ನೋಡಿ. ಗಟ್ಟಿಮುಟ್ಟಾದ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೂ ಲೀಸಾ ರಿನ್ನಾ ಎಂಬ ನಟಿಗೂ ಅದನ್ನೇ ತೊಡಿಸಿ ಜಾಹೀರಾತು ಮಾಡಿತು. ಅವರಿಗೆ ಅದರ ಅಗತ್ಯವಿರಲಿಲ್ಲ. ಧರ್ಮಕಾರ್ಯಕ್ಕೆ ದೇಣಿಗೆ ಅಂತ ಹಾಕಿಕೊಂಡರು. ಅಂದರೆ ಅಗತ್ಯವಿಲ್ಲದವರು ಹಾಕಿಕೊಂಡರೆ ಕಂಪನಿಗೆ ತಕರಾರಿಲ್ಲ, ಆಟಗಾರ ಹಾಕಿಕೊಂಡರೆ ಅದು ಪ್ರಚಾರ. ಪಕ್ಕದ ಮನೆಯವನು ತನ್ನಿಷ್ಟಕ್ಕೆ ಕೊಂಡರೆ ಮಾತ್ರ ಆ ಗಿರಾಕಿ ಲೆಕ್ಕದಲ್ಲಿರುತ್ತಾನೆ, ಜಾಹೀರಾತಿನಲ್ಲಿರುವುದಿಲ್ಲ!

ಆ ಜಾಗವನ್ನು ಸಣ್ಣ ಕಂಪನಿಗಳು ಹಿಡಿದಿವೆ. ಬೊಂಬೆ ಚಿತ್ರ, ಬಣ್ಣ ಬಣ್ಣದ ದೊಡ್ಡವರ ಡಯಾಪರ್‌ಗಳನ್ನು ಅಂಥವರಿಗಾಗಿಯೇ ಮಾಡಿ ಮಾರುತ್ತವೆ. 2016ರಲ್ಲಿ ಷಿಕಾಗೋ ಪಕ್ಕದ ಮೌಂಟ್ ಪ್ರಾಸ್ಪೆಕ್ಟ್ ಊರಿನಲ್ಲಿ ‘ಟೈಕಬಲ್ಸ್’ ಎಂಬ ಅಂಗಡಿ ಬಾಗಿಲು ತೆಗೆದಾಗ ಊರಿನ ಕೆಲವರು ಗಲಾಟೆ ಎಬ್ಬಿಸಿದರು. ಅಲ್ಲಿನ ಆಡಳಿತದವರು ಕಾನೂನು ತಿರುವಿ ನೋಡಿದರು. ವ್ಯಾಪಾರ ಕಾನೂನಿಗೆ ಹೊರತಾಗಿಲ್ಲ, ನಿಲ್ಲಿಸಲಾಗದು ಎಂದರು.

ಮುಜುಗರದ ಲೆಕ್ಕಾಚಾರ

ದೊಡ್ಡ ಕಂಪನಿಗಳ ಮೌನಕ್ಕೆ ಕಾರಣ ತಿಳಿಯಲು ದೊಡ್ಡ ಓದು ಬೇಕಿಲ್ಲ. ಅಂಗಡಿ ಇಟ್ಟವರಿಗೆ ತಕ್ಷಣ ಅರ್ಥವಾಗುತ್ತದೆ. ಅವರ ದೊಡ್ಡ ಗಿರಾಕಿ ಆಸ್ಪತ್ರೆ, ವೃದ್ಧಾಶ್ರಮ, ಹಾಸಿಗೆ ಹಿಡಿದವರ ಮಕ್ಕಳು. ಆ ಮನೆಮಂದಿಗೆ ಮೊದಲೇ ಮುಜುಗರ. ‘ಅಂಥವರೂ ಹಾಕಿಕೊಳ್ಳುತ್ತಾರಂತೆ’ ಎಂಬ ಮಾತು ಹಬ್ಬಿದರೆ ಪೊಟ್ಟಣಕ್ಕೆ ಕೈ ಹಾಕುವವರೇ ಕಡಿಮೆಯಾಗುತ್ತಾರೆ ಎಂಬ ಭಯ. ಆದ್ದರಿಂದ ಬೋರ್ಡಿನಲ್ಲಿ ತಾತನ ಫೋಟೋ, ಗಲ್ಲಾಪೆಟ್ಟಿಗೆಗೆ ಎಲ್ಲರ ದುಡ್ಡು.

ಇದು ತಪ್ಪಾ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಯಾರನ್ನು ಹೆಸರಿಟ್ಟು ಕರೆಯಬೇಕು ಅನ್ನೋದು ವ್ಯಾಪಾರಿಯ ಇಷ್ಟ. ಕರೆಯದಿದ್ದರೂ ಬಾಗಿಲು ಹಾಕಿಲ್ಲವಲ್ಲ. ಕೂದಲಿಗೆ ಬಣ್ಣ ಮಾರುವವನು “ಯಾಕಪ್ಪಾ, ನಿಂಗ್ಯಾಕೆ ಬೇಕು?” ಅಂತ ಕೇಳುತ್ತಾನಾ? ಇದೂ ಹಾಗೇ.

ತಪ್ಪು ಇರುವುದು ಬೇರೆ ಕಡೆ. ದೂರದೂರಿನ ಆ ಕೆಲವರ ಮೇಲೆ ನಾವು ಹೊಡೆಯುವ ತಮಾಷೆಯ ಕಲ್ಲು ಅವರಿಗೆ ತಾಗುವುದಿಲ್ಲ. ಅದು ಬಂದು ಬೀಳುವುದು ನಮ್ಮ ಬೀದಿಯ ಅಜ್ಜಿಯ ಮೇಲೆ, ಪ್ರಾಸ್ಟೇಟ್ ಆಪರೇಷನ್ ಆದ ಮೇಷ್ಟ್ರ ಮೇಲೆ.

ಯಾರಿಗೆ ಬೇಕು? ಕೇಳಿ

ಲಕ್ವ ಹೊಡೆದವರಿಗೆ ಬೇಕು. ನಡುಕದ ಕಾಯಿಲೆಯವರಿಗೆ, ಮರೆವಿನ ಕಾಯಿಲೆಯವರಿಗೆ ಬೇಕು. ಸಕ್ಕರೆ ಕಾಯಿಲೆ ಹಳೆಯದಾಗಿ ಮೂತ್ರದ ಹಿಡಿತ ತಪ್ಪಿದವರಿಗೆ ಬೇಕು. ನಾಲ್ಕಾರು ಹೆತ್ತು, ಕೆಮ್ಮಿದರೆ ಸೀನಿದರೆ ಸೀರೆ ಒದ್ದೆಯಾಗುವ ತಾಯಂದಿರಿಗೆ ಬೇಕು. 2011ರ ಜನಗಣತಿ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಆಮೇಲೆ ಆ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಜಪಾನಿನಲ್ಲಿ ಓಜಿ ಎಂಬ ಕಂಪನಿ 2024ರಲ್ಲಿ ಆ ದೇಶದಲ್ಲಿ ಮಕ್ಕಳ ಡಯಾಪರ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿ ದೊಡ್ಡವರ ಡಯಾಪರ್ ಕಡೆ ತಿರುಗಿತು. ಮುಪ್ಪು ಯಾರನ್ನೂ ಬಿಡುವುದಿಲ್ಲ ಸ್ವಾಮಿ, ಜಪಾನಾದರೇನು, ಯಳಂದೂರಾದರೇನು.

ನಮ್ಮ ಬಸ್ಸನ್ನೇ ನೋಡಿ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ವಯಸ್ಸಾದ ಅವ್ವಂದಿರು ಸೆರಗಿನಲ್ಲಿ ಎಲೆಅಡಿಕೆ ಗಂಟು ಕಟ್ಟಿಕೊಂಡು ಕೂತಿರುತ್ತಾರೆ. ಘಾಟಿಯ ತಿರುವಿನಲ್ಲಿ “ಕಂಡಕ್ಟ್ರಪ್ಪಾ, ಒಸಿ ನಿಲ್ಸಪ್ಪಾ” ಅಂತ ಕೇಳಲು ನಾಚಿಕೆ. ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆ. ಕೆಲವರಂತೂ ಮಾದಪ್ಪನ ಮೇಲೆ ಎಷ್ಟೇ ಭಕ್ತಿ ಇದ್ದರೂ ಮನೆ ಬಿಟ್ಟು ಕದಲುವುದಿಲ್ಲ. ಟಿಕೆಟ್ ಉಚಿತವಾಯಿತು, ಧೈರ್ಯ ಉಚಿತವಾಗಲಿಲ್ಲ.

ವರ್ತಕ ಮಿತ್ರರಲ್ಲಿ ಒಂದು ಮಾತು

ಕೊಳ್ಳೇಗಾಲ, ಹನೂರು, ಯಳಂದೂರಿನ ಔಷಧಿ ವರ್ತಕರೇ, ‘ಯಾರಿಗೆ’ ಅಂತ ಕೇಳುವುದನ್ನು ಬಿಡಿ. ಕೇಳಬೇಕಾದ ಪ್ರಶ್ನೆ ಒಂದೇ: “ಸೊಂಟದ ಸುತ್ತಳತೆ ಎಷ್ಟು?” ಮೀಡಿಯಂ, ಲಾರ್ಜ್, ಎಕ್ಸ್‌ಟ್ರಾ ಲಾರ್ಜ್ ಅಂತ ಬರುವುದು ವಯಸ್ಸಿನ ಮೇಲಲ್ಲ, ಸೊಂಟದ ಮೇಲೆ. ಅಳತೆ ದೊಡ್ಡದಾದರೆ ಸೋರುತ್ತದೆ, ಚಿಕ್ಕದಾದರೆ ತೊಡೆ ಸಂದು ಕೊರೆಯುತ್ತದೆ. ಮಲಗಿದವರಿಗೆ ಅಂಟುಪಟ್ಟಿಯದು, ಓಡಾಡುವವರಿಗೆ ಚಡ್ಡಿಯ ಹಾಗೆ ಏರಿಸಿಕೊಳ್ಳುವುದು. ಇಷ್ಟು ಹೇಳಿದರೆ ಗಿರಾಕಿ ನಿಮ್ಮನ್ನು ಮರೆಯುವುದಿಲ್ಲ.

‘ಕೇಳದೆ ಕೊಟ್ಟರೆ ಯಾರ್ಯಾರೋ ಕೊಳ್ಳುತ್ತಾರೆ’ ಅನ್ನುವವರಿದ್ದಾರೆ. ಕೊಳ್ಳಲಿ ಬಿಡಿ! ಅದೇನು ನಿದ್ದೆ ಮಾತ್ರೆಯಾ, ಡಾಕ್ಟರ ಚೀಟಿ ಬೇಕು ಅನ್ನಲು? ನೂರು ಜನರಲ್ಲಿ ಒಬ್ಬ ತನ್ನಿಷ್ಟಕ್ಕೆ ಕೊಂಡ ಅಂತಲೇ ಇಟ್ಟುಕೊಳ್ಳಿ. ಅವನನ್ನು ಹಿಡಿಯುವ ನೆಪದಲ್ಲಿ ಉಳಿದ ತೊಂಬತ್ತೊಂಬತ್ತು ಜನರ ಮಾನ ಕಳೆಯುವುದು ಯಾವ ನ್ಯಾಯ? ಸೊಸೆ ಮಾವನಿಗಾಗಿ ಕೊಳ್ಳಲು ಬಂದು, ಪಕ್ಕದಲ್ಲಿ ಪರಿಚಯದವರು ನಿಂತಿದ್ದಾರೆ ಅಂತ ಬರಿಗೈಯಲ್ಲಿ ಹಿಂದೆ ಹೋದರೆ, ಆ ರಾತ್ರಿ ಒದ್ದೆ ಚಾಪೆಯ ಮೇಲೆ ಮಲಗುವವರು ಯಾರು?

ಕಂಪನಿಗಳಿಗೂ ಸರ್ಕಾರಕ್ಕೂ

ಜಾಹೀರಾತಿನ ತಾತ ಇಸ್ತ್ರಿ ಪ್ಯಾಂಟು ಹಾಕಿದ್ದಾನೆ. ಪಂಚೆ ಉಟ್ಟವನ ಮಾತೇ ಇಲ್ಲ. ಎ.ಬಿ.ಡಿ.ಎಲ್.ನವರನ್ನು ಕರೆಯದಿದ್ದರೆ ಹೋಗಲಿ, ಹಳ್ಳಿಯ ಮುದುಕರನ್ನಾದರೂ ಕರೆಯಬೇಡವಾ? ಪೊಟ್ಟಣದ ಮೇಲೆ ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ಸಾಕು ಎನ್ನುತ್ತದೆ 2011ರ ಪೊಟ್ಟಣ ಸರಕುಗಳ ನಿಯಮ. ಬೇರೆ ಭಾಷೆ ಸೇರಿಸಲು ಅಡ್ಡಿಯೇನೂ ಇಲ್ಲ. ಹಾಕುವ ಬಗೆ, ಅಳತೆ, ಎಷ್ಟು ಹೊತ್ತಿಗೆ ಬದಲಿಸಬೇಕು ಎಂಬುದನ್ನು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿದರೆ ಕಂಪನಿ ಮುಳುಗಿಹೋಗುವುದಿಲ್ಲ.

ತೆರಿಗೆಯ ಕಥೆಯೂ ಸ್ವಾರಸ್ಯ. 2018ರ ಜುಲೈನಲ್ಲಿ ಹೆಂಗಸರ ಸ್ಯಾನಿಟರಿ ಪ್ಯಾಡಿಗೆ ಜಿ.ಎಸ್.ಟಿ. ಪೂರ್ತಿ ತೆಗೆದರು. ಸರಿಯಾದ ಕೆಲಸ. ಡಯಾಪರ್ ಮೇಲೆ ಮಾತ್ರ ನೂರಕ್ಕೆ 12 ಉಳಿಯಿತು. ಕಾಯಿಲೆಯವರ ಡಯಾಪರಿಗೆ ಅದು 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಮುದುಕರ ಸರದಿ ಬರಲು ಏಳು ವರ್ಷ ಬೇಕಾಯಿತು. ಜನೌಷಧಿ ಕೇಂದ್ರಗಳಿಗೆಂದು ‘ಸ್ವಾಭಿಮಾನ್’ ಎಂಬ ಹೆಸರಿನ ದೊಡ್ಡವರ ಡಯಾಪರ್ ತಂದಿದ್ದಾರೆ. ಹೆಸರು ಚೆನ್ನಾಗಿದೆ. ಆ ಹೆಸರನ್ನು ಜೋರಾಗಿ ಹೇಳಿ ಕೇಳುವ ಕಾಲ ಬರಬೇಕು, ಅಷ್ಟೆ.

ಬಳಸಿದ ಮೇಲೆ?

ಇದನ್ನು ಯಾರೂ ಮಾತಾಡುವುದಿಲ್ಲ. ಡಯಾಪರಿನೊಳಗೆ ಇರುವುದು ಪ್ಲಾಸ್ಟಿಕ್ ಹಾಳೆ, ಮರದ ತಿರುಳು, ನೀರು ಹೀರಿ ಲೋಳೆಯಾಗುವ ಪುಡಿ. ಮಣ್ಣಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಸುವರ್ಣಾವತಿ ಹೊಳೆ ದಂಡೆಗೆ ಎಸೆದರೆ ಅದು ಕಾವೇರಿಗೇ ಸೇರಬೇಕು. ಕಂಪನಿಯವರು ಪ್ಯಾಕೆಟ್ಟಿನ ಜೊತೆಗೆ ಸುತ್ತಿ ಬಿಸಾಡಲು ಚೀಲ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದರು. ಚೀಲ ಇಲ್ಲದ ಪ್ಯಾಕೆಟ್ ಸಿಕ್ಕರೆ ಕೇಳುವ ಹಕ್ಕು ನಮ್ಮದು. ಕೊಳ್ಳೇಗಾಲದ ನಗರಸಭೆ, ಹನೂರು ಯಳಂದೂರಿನ ಪಟ್ಟಣ ಪಂಚಾಯಿತಿಗಳು ಕಸದ ಗಾಡಿಯಲ್ಲಿ ಇದಕ್ಕೆ ಬೇರೆ ಡಬ್ಬಿ ಇಡಬೇಕು. ಬರಿಗೈಯಲ್ಲಿ ಕಸ ಆರಿಸುವ ಪೌರಕಾರ್ಮಿಕರಿಗೂ ಮಾನವಿದೆ.

ಕೊನೆಯದಾಗಿ ಮನೆಯವರಿಗೆ. ಡಯಾಪರ್ ಒಂದೇ ಮದ್ದಲ್ಲ. ಮೂತ್ರ ಸೋರುವ ಎಷ್ಟೋ ತೊಂದರೆಗಳು ವ್ಯಾಯಾಮದಿಂದ, ಮಾತ್ರೆಯಿಂದ, ಸಣ್ಣ ಆಪರೇಷನ್ನಿನಿಂದ ಕಡಿಮೆಯಾಗುತ್ತವೆ. ಮೊದಲು ಡಾಕ್ಟರಿಗೆ ತೋರಿಸಿ. ಹಾಕಿದ್ದನ್ನು ಬೆಳಗಿನಿಂದ ಬೈಗಿನವರೆಗೆ ಬಿಡಬೇಡಿ, ಚರ್ಮ ಕಿತ್ತು ಹುಣ್ಣಾಗುತ್ತದೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ.

ಕಂಪನಿಗಳು ಯಾರ ಮುಖ ನೋಡಿ ಮಾರುತ್ತವೋ ಮಾರಲಿ. ನಮ್ಮೂರಿನ ಅಂಗಡಿಯಲ್ಲಿ ಮಾತ್ರ ಗಿರಾಕಿ ತಲೆ ಎತ್ತಿ ಕೇಳಲಿ, ವರ್ತಕರು ಅಳತೆ ಕೇಳಿ ಕೊಡಲಿ. ಕಪ್ಪು ಕವರು ಬೇಕೋ ಬೇಡವೋ ಅನ್ನೋದನ್ನು ಕೊಂಡವರೇ ಹೇಳಲಿ.