ಔಷ್ದಿ ಹಾಕಿಲ್ಲ ತಾನೆ?

ಜಾಲತಾಣದ ಬರಹವೂ ಅಂಗಡಿ ಮುಂದಿನ ಮಾತೇ; ಅಲ್ಲಿ ಬಾಯಿಗಿಡಲು ಬೆಲ್ಲದ ಚೂರು ಇರುವುದಿಲ್ಲ, ಅಷ್ಟೆ

ಮಂಡ್ಯದ ಗುತ್ತಲಿನ ಪರಿಚಯದ ಹುಡುಗನೊಬ್ಬ ಮನೆಯವರ ಆಲೆಮನೆಗೆಂದು ಜಾಲತಾಣ ಮಾಡಿಸಿದ. ಮೊಬೈಲ್ ನನ್ನ ಕೈಗಿಟ್ಟು, ‘ಹೆಂಗದೆ ನೋಡಿ ಸಾರ್’ ಅಂದ. ಹಸಿರು ಕಬ್ಬಿನ ಗದ್ದೆಯ ಚಿತ್ರ. ಅದರ ಮೇಲೆ ದಪ್ಪಕ್ಷರದಲ್ಲಿ, ‘ಪ್ರಕೃತಿಯ ಮಡಿಲಿನಿಂದ ನಿಮ್ಮ ಮನೆಬಾಗಿಲಿಗೆ, ಗುಣಮಟ್ಟವೇ ನಮ್ಮ ಧ್ಯೇಯ’. ಕೆಳಗೆ ‘ಇನ್ನಷ್ಟು ಕಲಿಯಿರಿ’ ಎಂಬ ಗುಂಡಿ. ‘ಬೆಲ್ಲ’ ಎಂಬ ಪದ ಕಣ್ಣಿಗೆ ಬೀಳಲು ಎರಡು ಸಲ ಪುಟ ಸರಿಸಬೇಕಾಯಿತು. ಬೆಲೆ ಎಲ್ಲೂ ಸಿಗಲಿಲ್ಲ. ಕೇಳಿದರೆ, ‘ಫೋನ್ ಮಾಡಿದ್ರೆ ಹೇಳ್ತೀವಲ್ಲ ಸಾರ್’.

ಅದೇ ಹುಡುಗ ಆಲೆಮನೆ ಮುಂದೆ ನಿಂತು ಬೆಲ್ಲ ಮಾರುವುದನ್ನು ನೋಡಿದ್ದೇನೆ. ಕಾರು ನಿಲ್ಲಿಸಿ ಇಳಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಔಷ್ದಿ ಹಾಕಿಲ್ಲ ತಾನೆ?’ ಔಷ್ದಿ ಎಂದರೆ ಬೆಲ್ಲದ ಬಣ್ಣ ತಿಳಿಯಾಗಿಸಲು ಹಾಕುವ ಹೈಡ್ರೋಸ್‌ನಂಥ ರಾಸಾಯನಿಕ. ಅವನು ಅಚ್ಚೊಂದನ್ನು ಮುರಿದು, ‘ಬಣ್ಣ ನೋಡಿ ಅಕ್ಕ, ಔಷ್ದಿ ಹಾಕಿದ್ರೆ ಹಿಂಗೆ ಕಪ್ಪಗಿರ್ತದಾ? ಒಂದ್ ಚೂರು ಬಾಯಿಗೆ ಹಾಕ್ಕಳಿ’ ಅನ್ನುತ್ತಾನೆ. ವ್ಯಾಪಾರ ಕುದುರುತ್ತದೆ. ಬಾಯಲ್ಲಿ ಇಷ್ಟು ಚೆನ್ನಾಗಿ ಮಾರುವವನು ಬರಹಕ್ಕೆ ಬಂದಾಗ ಯಾಕೆ ‘ಧ್ಯೇಯ’ದ ಹಿಂದೆ ಅಡಗಿಕೊಂಡ?

ಇದು ಒಬ್ಬನ ಕಥೆಯಲ್ಲ. ಹೋಂಸ್ಟೇ, ಸೀರೆ ಅಂಗಡಿ, ಖಾಸಗಿ ಶಾಲೆ, ಎಣ್ಣೆ ಗಾಣ, ಯಾವುದರ ಕನ್ನಡ ಪುಟ ತೆರೆದರೂ ಇದೇ ಭಾಷೆ. ಮೊದಲು ಇಂಗ್ಲಿಷ್‌ನಲ್ಲಿ ಒಂದು ಸಿದ್ಧ ಮಾದರಿ. ಆಮೇಲೆ ಯಂತ್ರದಿಂದಲೋ ಅವಸರದ ಕೈಯಿಂದಲೋ ಅದರ ಅನುವಾದ. ‘ಇನ್ನಷ್ಟು ಕಲಿಯಿರಿ’ ಅಂತ ಯಾವ ಅಂಗಡಿಯವನೂ ಗಿರಾಕಿಗೆ ಹೇಳುವುದಿಲ್ಲ. ಅವನು ಹೇಳುವುದು ‘ಒಳಗೆ ಬನ್ನಿ, ನೋಡಿ’.

ಬೆಲ್ಲಕ್ಕಂತೂ ಮಾತು ಬೇಕೇ ಬೇಕು. ಮಂಡ್ಯದಲ್ಲಿ 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದಂದಿನಿಂದ ಬೆಲ್ಲದ ಪಕ್ಕದಲ್ಲೇ ಸಕ್ಕರೆಯೂ ಇದೆ. ಸಕ್ಕರೆಯ ಒಂದು ಮೂಟೆಗೂ ಇನ್ನೊಂದಕ್ಕೂ ಕೊಳ್ಳುವವನು ಭೇದ ಕಾಣುವುದಿಲ್ಲ. ಅದನ್ನು ಮಾರಲು ಬೆಲೆಯೊಂದೇ ಸಾಕು. ಬೆಲ್ಲ ಹಾಗಲ್ಲ. ಕಬ್ಬಿನ ತಳಿ, ಹೊಲದ ಮಣ್ಣು, ಕೊಪ್ಪರಿಗೆಯ ಪಾಕ ಇಳಿಸಿದ ಹದ, ಎಲ್ಲ ಸೇರಿ ಪ್ರತಿ ಆಲೆಮನೆಯ ರುಚಿಯೂ ಬೇರೆ. ಆ ಬೇರೆತನವನ್ನು ಹೇಳದ ಬರಹ ಬೆಲ್ಲವನ್ನು ಸಕ್ಕರೆಯ ಮೂಟೆಯ ಸಾಲಿನಲ್ಲೇ ನಿಲ್ಲಿಸುತ್ತದೆ.

ಪರದೆಯ ಮೇಲೆ ಜನ ಓದುವ ಬಗೆಯನ್ನು ಅಮೆರಿಕದಲ್ಲಿ ಜೇಕಬ್ ನೀಲ್ಸನ್ ಮತ್ತು ಜಾನ್ ಮೋರ್ಕ್ಸ್ 1997ರಲ್ಲೇ ಪರೀಕ್ಷಿಸಿದ್ದರು. ಹೊಸ ಪುಟ ತೆರೆದವರಲ್ಲಿ ಶೇ 79ರಷ್ಟು ಮಂದಿ ಕಣ್ಣಾಡಿಸಿದರು. ಪದಪದವಾಗಿ ಓದಿದವರು ಶೇ 16 ಮಾತ್ರ. ನೆಬ್ರಾಸ್ಕ ರಾಜ್ಯದ ಪ್ರವಾಸಿ ತಾಣಗಳ ಬಗ್ಗೆ ಒಂದೇ ವಿಷಯವನ್ನು ಹಲವು ಬಗೆಯಲ್ಲಿ ಬರೆದು ಓದಿಸಿದಾಗ, ಬಡಾಯಿ ತೆಗೆದದ್ದರಿಂದಲೇ ಪುಟದ ಉಪಯುಕ್ತತೆ ಶೇ 27ರಷ್ಟು ಹೆಚ್ಚಿತು. ಬಡಾಯಿ ತೆಗೆದು, ಚಿಕ್ಕದಾಗಿಸಿ, ಕಣ್ಣಾಡಿಸಲು ಅನುಕೂಲವಾಗುವಂತೆ ಜೋಡಿಸಿದಾಗ ಆ ಹೆಚ್ಚಳ ಶೇ 124ಕ್ಕೆ ಏರಿತು. ‘ಅತ್ಯುತ್ತಮ’, ‘ಅಪ್ರತಿಮ’ ಎಂಬ ಪದ ಕಂಡ ಕೂಡಲೇ ಓದುಗನ ತಲೆ ಅದು ನಿಜವೇ ಎಂದು ತೂಗತೊಡಗುತ್ತದೆ. ಓದು ಅಲ್ಲಿಗೇ ಎಡವುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ಕ್ರಿಯಾಪದ ಬರುವುದು ಕೊನೆಗೆ. ‘ಯಾವುದೇ ರಾಸಾಯನಿಕಗಳನ್ನು ಬಳಸದೆ ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಲ್ಪಟ್ಟ ಉತ್ಕೃಷ್ಟ ಬೆಲ್ಲವನ್ನು ಗ್ರಾಹಕರಿಗೆ ತಲುಪಿಸುವ ಉದ್ದೇಶವನ್ನು ಹೊಂದಿದ್ದೇವೆ’ ಎಂದು ಹುಡುಗನ ಪುಟದಲ್ಲಿತ್ತು. ಚಿಕ್ಕ ಪರದೆಯಲ್ಲಿ ಇದು ಐದಾರು ಸಾಲು. ಅಷ್ಟನ್ನೂ ದಾಟಿದರೆ ಸಿಗುವುದು ಬರೀ ‘ಉದ್ದೇಶ’. ಬೆಲ್ಲ ಇದೆಯೋ ಇಲ್ಲವೋ? ಇದನ್ನು ಹೀಗೆ ಒಡೆಯಬಹುದು: ‘ಹೈಡ್ರೋಸ್ ಹಾಕುವುದಿಲ್ಲ. ಕೊಳೆ ತೆಗೆಯಲು ಸುಣ್ಣ, ಬೆಂಡೆ ಗಿಡದ ಲೋಳೆ ಬಳಸುತ್ತೇವೆ. ಅಚ್ಚು, ಉಂಡೆ, ಬಕೆಟ್, ಮೂರು ಬಗೆಯಲ್ಲೂ ಸಿಗುತ್ತದೆ.’ ಪ್ರತಿ ವಾಕ್ಯವೂ ಒಂದು ಪ್ರಶ್ನೆಗೆ ಉತ್ತರ. ‘ತಯಾರಿಸಲ್ಪಟ್ಟ’ ಹೋಗಿ ‘ಬಳಸುತ್ತೇವೆ’ ಬಂದಿತು. ಜೊತೆಗೆ, ಬೆಲ್ಲ ಮಾಡುವ ಮನುಷ್ಯನೂ ಕಾಣಿಸಿದ.

ಹಾಗೆಂದು ಆಡುಮಾತನ್ನು ಹಾಗೇ ಇಳಿಸಿದರೆ ಬರಹವಾಗುವುದಿಲ್ಲ. ‘ಕಪ್ಪಗಿದೆ, ಹಾಗಾಗಿ ಔಷ್ದಿ ಇಲ್ಲ’ ಎಂಬ ಮಾತು ಆಲೆಮನೆ ಮುಂದೆ ನಡೆಯುತ್ತದೆ. ಎದುರಿಗೆ ಕೊಪ್ಪರಿಗೆ ಕುದಿಯುತ್ತಿದೆ, ಬಾಯಲ್ಲಿ ಚೂರು ಕರಗುತ್ತಿದೆ. ಆದರೆ ಬಣ್ಣ ತಳಿಯನ್ನೂ ಮಣ್ಣನ್ನೂ ಅವಲಂಬಿಸಿದೆ, ಬಣ್ಣವೊಂದೇ ಪುರಾವೆಯಲ್ಲ. ಪುಟದಲ್ಲಿ ಆ ಜಾಗವನ್ನು ಬೇರೆ ಪುರಾವೆ ತುಂಬಬೇಕು: ಕಬ್ಬು ಸಿಒ 62175 ತಳಿಯದೋ ಸಿಒ 86032 ತಳಿಯದೋ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ಪ್ರಯೋಗಾಲಯದ ವರದಿ, ಗದ್ದೆಯ ಚಿತ್ರದ ಬದಲು ಕೊಪ್ಪರಿಗೆಯ ಚಿತ್ರ.

ನೇರವಾಗಿ ಹೇಳುವುದನ್ನು ಈಗ ಕಾನೂನೂ ಬೇಡುತ್ತಿದೆ. ಆನ್‌ಲೈನ್ ಮಾರಾಟಕ್ಕೆ ಅನ್ವಯಿಸುವ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ದೂರು ಆಲಿಸುವ ಅಧಿಕಾರಿಯ ಹೆಸರು ಪುಟದಲ್ಲಿರಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಗಿರಾಕಿಯನ್ನು ದಾರಿ ತಪ್ಪಿಸುವ 13 ತಂತ್ರಗಳನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿ ನಿಷೇಧಿಸಿತು. ಗೋದಾಮು ತುಂಬಿದ್ದರೂ ‘ಇನ್ನು ಎರಡೇ ಉಳಿದಿವೆ’ ಅನ್ನುವ ಸುಳ್ಳು ಅವಸರವೂ ಅದರಲ್ಲಿದೆ. ‘ಪರಿಣಾಮಕಾರಿ ಬರಹ’ದ ಹೆಸರಿನಲ್ಲಿ ಹೇಳಿಕೊಡುವ ಎಷ್ಟೋ ಚಮತ್ಕಾರಗಳು ಹೀಗೆ ನಿಷೇಧದ ಪಟ್ಟಿ ಸೇರಿವೆ.

ಎರಡು ಆಕ್ಷೇಪಗಳು ಬರುತ್ತವೆ. ಕೊಳ್ಳುವವರು ಬೆಂಗಳೂರಿನವರು, ಇಂಗ್ಲಿಷ್ ಸಾಕು ಎಂಬುದು ಮೊದಲನೆಯದು. ಇಂಗ್ಲಿಷ್ ಪುಟವೂ ಇರಲಿ. ಅದೂ ಗಿರಾಕಿಯ ಪ್ರಶ್ನೆಯಿಂದಲೇ ಹುಟ್ಟಲಿ. ಕನ್ನಡದಲ್ಲಿ ಮೊದಲು ಬರೆದರೆ ಆ ಪ್ರಶ್ನೆ ಕೈತಪ್ಪುವುದಿಲ್ಲ. ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದಲ್ಲ ಎಂಬುದು ಎರಡನೆಯದು. ಕೊಡುತ್ತದೆ, ‘ಪ್ರಕೃತಿಯ ಮಡಿಲಿನಿಂದ’ ಅಂತಲೇ ಕೊಡುತ್ತದೆ. ನಿಮ್ಮ ಆಲೆಮನೆ ಮುಂದೆ ನಿನ್ನೆ ಯಾರು ಏನು ಕೇಳಿದರೆಂದು ನೀವು ಹೇಳದೆ ಅದಕ್ಕೆ ಗೊತ್ತಾಗುವ ಬಗೆಯಿಲ್ಲ.

ಇಲ್ಲಿ ಊರಿನವರು ಮಾಡಬಹುದಾದ ಕೆಲಸವೊಂದಿದೆ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಡಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲ. ಕಿರು ಆಹಾರ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲದ ಜೊತೆ ಸಹಾಯಧನವಾಗಿ ಸಿಗುತ್ತದೆ. ಗಾಣ ಹೊಸದಾಗುತ್ತದೆ, ಪೊಟ್ಟಣ ಚೆಂದವಾಗುತ್ತದೆ. ಪೊಟ್ಟಣದ ಮೇಲಿನ ನಾಲ್ಕು ಸಾಲಿಗೆ ಮಾತ್ರ ದಿಕ್ಕಿಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಮಂಡ್ಯ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿತು; ಆ ನಾಲ್ಕು ಸಾಲು ಬರೆಯುವ ಕೈಗಳಿಗೆ ಇಲ್ಲಿ ಕೊರತೆಯಿರಬಾರದು. ಇಲ್ಲಿನ ಕಾಲೇಜುಗಳ ಕನ್ನಡ, ಪತ್ರಿಕೋದ್ಯಮದ ವಿದ್ಯಾರ್ಥಿಗಳು ಕಬ್ಬು ಅರೆಯುವ ಕಾಲದಲ್ಲಿ ಒಂದು ವಾರ ಆಲೆಮನೆಯಲ್ಲಿ ಕೂತು, ಬಂದವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಪುಟದ ಮುಕ್ಕಾಲು ಪಾಲು ಅಲ್ಲೇ ಸಿದ್ಧವಾಗುತ್ತದೆ. ಬರೆದದ್ದನ್ನು ಚಿತ್ರದೊಳಗೆ ಹುದುಗಿಸದೆ ಯೂನಿಕೋಡ್ ಅಕ್ಷರದಲ್ಲಿ ಹಾಕಲಿ. ಹುಡುಕುವವರಿಗೂ ಸಿಗುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ದಕ್ಕುತ್ತದೆ.

ಹುಡುಗ ಪುಟ ಬದಲಿಸಿದ್ದಾನೆ. ಗದ್ದೆಯ ಚಿತ್ರ ಹೋಗಿದೆ. ತಲೆಸಾಲಿನಲ್ಲಿ ‘ಔಷಧಿ ಹಾಕದ ಬೆಲ್ಲ. ಬೆಳಿಗ್ಗೆ ಬಂದರೆ ಪಾಕ ಇಳಿಸುವುದನ್ನು ನೋಡಬಹುದು’ ಎಂದಿದೆ. ಕೆಳಗೆ ಗುತ್ತಲಿನಿಂದ ಬರುವ ದಾರಿ. ಬೆಲೆ ಮಾತ್ರ ಇನ್ನೂ ಇಲ್ಲ. ‘ದಿನಾ ಬದಲಾಯ್ತದಲ್ಲ ಸಾರ್’ ಅಂದ. ‘ಹಾಗಾದರೆ ತಾರೀಕು ಹಾಕಿ ಇವತ್ತಿನ ಬೆಲೆ ಅಂತ ಬರಿಯಪ್ಪ’ ಅಂದೆ. ತಲೆ ಕೆರೆದುಕೊಂಡ. ಆಲೆಮನೆ ಮುಂದಿನ ಕರಿ ಹಲಗೆಯಲ್ಲಿ ಅವರಪ್ಪ ದಿನಾ ಮಾಡುವುದು ಅದನ್ನೇ.