ಕೋಸಿನ ಮೇಲಿನ ಅಪವಾದವೂ ಲಾಡಿಹುಳುವಿನ ಪತ್ತೆಯೂ

ಜಯನಗರದ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಇತ್ತೀಚೆಗೆ ಗೃಹಿಣಿಯೊಬ್ಬರು ಆರಿಸಿಕೊಂಡಿದ್ದ ಎಲೆಕೋಸನ್ನು ಹಿಂದಕ್ಕಿಟ್ಟರು. ಇದರ ಹುಳು ಮಿದುಳಿಗೆ ಹತ್ತುತ್ತದಂತೆ ಎಂಬುದು ಅವರ ಭಯ. ಕೋಸು ಬೆಳೆಯುವ ರೈತ ಬಾಂಧವರಿಗೆ ಈ ಮಾತು ಹೊಸದಲ್ಲ. ಅಲ್ಲಿಗೆ ಹೆಚ್ಚು ದೂರವಲ್ಲದ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ಹುಳುವಿನ ಕೋಶ ಕುಳಿತು ಮೂರ್ಛೆ ಬರುವವರಿಗೆ ಚಿಕಿತ್ಸೆ ನಡೆಯುತ್ತ ಬಂದಿದೆ. ಹೀಗಾಗಿ ಭಯ ಪೂರ್ತಿ ನಿರಾಧಾರವಲ್ಲ. ಆದರೆ ಕೋಸಿನ ಎಲೆ ತಿನ್ನುವ ಹಸಿರು ಹುಳುವಿಗೂ ಈ ರೋಗಕ್ಕೂ ಏನೂ ಸಂಬಂಧವಿಲ್ಲ.

ರೋಗ ತರುವುದು ಹಂದಿಯ ಲಾಡಿಹುಳು. ಸರಿಯಾಗಿ ಬೇಯದ ಹಂದಿಮಾಂಸದ ಮೂಲಕ ಅದು ಮನುಷ್ಯನ ಕರುಳು ಸೇರಿ ಹಲವು ಅಡಿ ಉದ್ದ ಬೆಳೆಯುತ್ತದೆ. ಹೊತ್ತವನಿಗೆ ಸಾಮಾನ್ಯವಾಗಿ ಅದರ ಅರಿವೇ ಇರುವುದಿಲ್ಲ. ಅವನ ಮಲದೊಡನೆ ಬಿದ್ದ ಮೊಟ್ಟೆಗಳು ಮಣ್ಣಿಗೂ ನೀರಿಗೂ ತರಕಾರಿಗೂ, ತೊಳೆಯದ ಕೈಯಿಂದ ಮನೆಯ ಊಟಕ್ಕೂ ಸೇರುತ್ತವೆ. ಮೊಟ್ಟೆ ಹಂದಿಯ ಹೊಟ್ಟೆಗೆ ಹೋದರೆ ಅದರ ಮಾಂಸದಲ್ಲಿ ಕೋಶವಾಗುತ್ತದೆ. ಮನುಷ್ಯನ ಹೊಟ್ಟೆಗೆ ಹೋದರೆ ಮಿದುಳಿನಲ್ಲೂ ಆಗಬಹುದು. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ರೋಗ ಬರುವುದು ಇದರಿಂದಲೇ.

ಹಾಗಾದರೆ ಪತ್ತೆ ಮಾಡಬೇಕಾದ್ದು ಹುಳು ಹೊತ್ತವನನ್ನು. ತೊಡಕಿರುವುದೇ ಅಲ್ಲಿ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಟ್ಟೆ ಎಷ್ಟೋ ಸಲ ಸಿಕ್ಕುವುದಿಲ್ಲ. ಸಿಕ್ಕರೂ ಅದು ಹಂದಿಯ ಲಾಡಿಹುಳುವಿನದೋ ದನದ ಲಾಡಿಹುಳುವಿನದೋ ಹೇಳಲಾಗದು. ಮಿದುಳಿನ ಕೋಶಕ್ಕಾಗಿ ಅಮೆರಿಕದ ವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದ ರಕ್ತಪರೀಕ್ಷೆ ಹಲವು ಕೋಶಗಳಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಒಂದೇ ಇದ್ದಾಗ ಬಹಳ ಸಲ ತಪ್ಪುತ್ತದೆ. ನಮ್ಮ ದೇಶದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದೋ ಒಂದೇ ಕೋಶ! ಉಳಿದದ್ದು ಸ್ಕ್ಯಾನ್, ಅದು ಹಳ್ಳಿಗೆ ಬರುವ ಯಂತ್ರವಲ್ಲ.

ಗಣಕಯಂತ್ರದ ನೆರವು ಬೇಕಾಗಿರುವುದು ಇಲ್ಲಿ. ಈ ಹುಳುವಿನ ವಂಶವಾಹಿಗಳ ಪೂರ್ಣ ವಿವರ 2013ರಲ್ಲಿ ಪ್ರಕಟವಾಯಿತು. ಅದರಿಂದ ಹುಳು ತಯಾರಿಸುವ ಸಾವಿರಾರು ಪ್ರೋಟೀನುಗಳ ಪಟ್ಟಿ ಸಿಗುತ್ತದೆ. ಅವುಗಳಲ್ಲಿ ಯಾವುದನ್ನು ಹುಳು ಹೊರಕ್ಕೆ ಸ್ರವಿಸುತ್ತದೆ, ಯಾವುದು ಜಂತುಹುಳುವಿನಲ್ಲಾಗಲಿ ದನದ ಲಾಡಿಹುಳುವಿನಲ್ಲಾಗಲಿ ಇಲ್ಲ, ಯಾವ ತುಣುಕನ್ನು ನಮ್ಮ ರಕ್ತದ ಪ್ರತಿಕಾಯಗಳು ಗುರುತು ಹಿಡಿಯಬಲ್ಲವು ಎಂದು ಗಣಕಯಂತ್ರ ಸೋಸಿ ಕೊಡುತ್ತದೆ. ಪ್ರಯೋಗಾಲಯದಲ್ಲಿ ಒಂದೊಂದಾಗಿ ನೋಡಲು ವರ್ಷಗಳು ಹಿಡಿಯುವ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತದೆ.

ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೆ ಸಂಶೋಧನಾ ಕೇಂದ್ರದ ತಾಕಿನಲ್ಲಿ ಗೆದ್ದ ತಳಿ ರೈತನ ಹೊಲದಲ್ಲಿ ಸೋತದ್ದನ್ನು ಕಂಡವನು. ಗಣಕಯಂತ್ರ ಆರಿಸಿದ ಪ್ರೋಟೀನೂ ಹಾಗೆಯೇ. ಬೇರೆ ಬೇರೆ ಜಿಲ್ಲೆಗಳ, ಹೊಟ್ಟೆಯಲ್ಲಿ ಹಲವು ಬಗೆಯ ಹುಳುಗಳಿರುವ ನಮ್ಮ ಹಳ್ಳಿಗರ ರಕ್ತ, ಮಲಗಳ ಮೇಲೆ ಬಹುಸ್ಥಳ ಪರೀಕ್ಷೆ ನಡೆಯದೆ ಅದನ್ನು ನಂಬಲಾಗದು. ದೊಡ್ಡ ಆಸ್ಪತ್ರೆಗಿಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಪಶುವೈದ್ಯರ ಕೈಯಲ್ಲಿ ಬಳಸುವಂಥ ಅಗ್ಗದ ಪರೀಕ್ಷೆಯೇ ಗುರಿಯಾಗಬೇಕೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಬಸವನಗುಡಿಯ ದೊಡ್ಡ ಬಸವನ ಬಳಿ ಹುಟ್ಟುವ ವೃಷಭಾವತಿ ನಗರದ ಕೊಳಚೆಯನ್ನು ದಶಕಗಳ ಕಾಲ ಬೈರಮಂಗಲದ ಕಡೆಗೆ ಹೊತ್ತಿದೆ. ಕೆಳಗಿನ ರೈತರು ಅದರಲ್ಲೇ ಬೆಳೆ ತೆಗೆದಿದ್ದಾರೆ. ಕೋಸನ್ನು ದೂರುವ ನಗರವಾಸಿಗಳು ಇದನ್ನೂ ನೆನೆಯಲಿ. ರೈತರು ಸಂಸ್ಕರಿಸದ ಕೊಳಚೆ ನೀರನ್ನು ಸೊಪ್ಪು, ಕೋಸುಗಳಿಗೆ ಹಾಯಿಸಬಾರದು. ಮನೆಯಲ್ಲಿ ಯಾರಿಗಾದರೂ ಈ ಕೋಶದಿಂದ ಮೂರ್ಛೆ ಬಂದಿದ್ದರೆ, ಅವರೊಡನೆ ಊಟ ಮಾಡುವ ಎಲ್ಲರ ಮಲಪರೀಕ್ಷೆ ಮಾಡಿಸುವಂತೆ ವೈದ್ಯರನ್ನು ಕೇಳಿರಿ.